ಅಸಿಟೇಟ್ ಅಗರ್ ರೆಡಿ ಪೌಡರ್: ಕರಾವಳಿಯ ಲ್ಯಾಬಿಗೆ ಆಗುತ್ತದೆಯೇ?

ಯೀಸ್ಟ್ ಕೋಶ ಸ್ಪೋರ್ (ಬೀಜಕ) ಕಟ್ಟುವುದನ್ನು ತೋರಿಸುವ ಪ್ರಾಕ್ಟಿಕಲ್‌ಗೆ ಕಾಲೇಜುಗಳು ತರಿಸುವ ಅಸಿಟೇಟ್ ಅಗರ್ ಪೌಡರ್‌ಗೆ ಐದಕ್ಕೆ ಮೂರೂವರೆ. ಮಾಲು ಸರಿಯಿದೆ, ಡಬ್ಬಿಯ ಮೇಲಿನ ಸೂಚನೆ ಮಾತ್ರ ಅರೆಬರೆ.

ಸೂತ್ರ ಮೆಕ್‌ಕ್ಲಾರಿ ಹೆಸರಿನ ಹಳೆಯ ಪಾಕವೇ. ಲೀಟರಿಗೆ ಸೋಡಿಯಂ ಅಸಿಟೇಟ್ 8.2 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 2.5, ಪೊಟ್ಯಾಸಿಯಂ ಕ್ಲೋರೈಡ್ 1.8, ಅಗರ್ 15, ಗ್ಲೂಕೋಸ್ ಬರೀ 1. ಸಕ್ಕರೆ ಇಷ್ಟು ಕಡಿಮೆ ಇರುವುದರಲ್ಲೇ ಮರ್ಮವಿದೆ. ಗ್ಲೂಕೋಸ್ ಸಿಗುವಷ್ಟು ಹೊತ್ತು ಸ್ಪೋರ್ ಕಟ್ಟುವ ಕೆಲಸ ಶುರುಮಾಡುವ ಐಎಂಇ1 ಜೀನ್ ಚಾಲೂ ಆಗುವುದಿಲ್ಲ, ಕೋಶ ಮೊಗ್ಗು ಬಿಡುತ್ತಲೇ ಇರುತ್ತದೆ. ಸಾರಜನಕ ಬರಿದಾಗಿ, ಅಸಿಟೇಟನ್ನೇ ಉಸಿರಾಟದಲ್ಲಿ ಉರಿಸಿಕೊಂಡು ಬದುಕಬೇಕಾದಾಗ ಡಿಪ್ಲಾಯ್ಡ್ (ಎರಡು ಸೆಟ್ ಕ್ರೋಮೊಸೋಮಿನ) ಕೋಶ ಮಿಯೋಸಿಸ್‌ಗೆ, ಅಂದರೆ ಕ್ರೋಮೊಸೋಮ್ ಅರ್ಧಕ್ಕಿಳಿಸುವ ವಿಭಜನೆಗೆ ಇಳಿದು ಸ್ಪೋರ್ ಕಟ್ಟುತ್ತದೆ. ಉಸಿರಾಟ ನಡೆಸುವ ಮೈಟೋಕಾಂಡ್ರಿಯ ಕೆಟ್ಟ ‘ಪೆಟೀಟ್’ ಕೋಶಗಳು ಸ್ಪೋರ್ ಕಟ್ಟದಿರುವುದೂ ಇದಕ್ಕೇ.

ಇದನ್ನು ಡಬ್ಬಿ ಹೇಳದ ಕಾರಣ ಗ್ಲೂಕೋಸ್ ತುಂಬಿದ ವೈಪಿಡಿ ಮಾಧ್ಯಮದ ಪ್ಲೇಟಿನಿಂದ ಲೂಪ್ ತುಂಬ ಎತ್ತಿ ನೇರ ಬಳಿಯುತ್ತಾರೆ. ಸಕ್ಕರೆಯೂ ಜೊತೆಗೆ ಬರುತ್ತದೆ. ಮೂರು ದಿನ ಕಳೆದರೂ ಬರೀ ಮೊಗ್ಗು. ಅದರ ಬದಲು ಮೊದಲು ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 1%, ಪೆಪ್ಟೋನ್ 2%, ಪೊಟ್ಯಾಸಿಯಂ ಅಸಿಟೇಟ್ 2% ಇರುವ ದ್ರವದಲ್ಲಿ ರಾತ್ರಿಯಿಡೀ ಶೇಕರ್ ಮೇಲೆ ಬೆಳೆಸಿ. ಫ್ಲಾಸ್ಕಿನ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ತುಂಬಿದರೆ ಗಾಳಿ ಸಾಲದು. ಆಮೇಲೆ ಸ್ಟೆರೈಲ್ ನೀರಿನಲ್ಲಿ ಎರಡು ಸಲ ತೊಳೆದು ತೆಳ್ಳಗೆ ಹರಡಿ, 25ರಿಂದ 28 ಡಿಗ್ರಿಯಲ್ಲಿ 3–5 ದಿನ ಇಡಿ. ಶಿರಸಿಯ ತಂಪಿಗೆ ಬೆಂಚ್ ಸಾಕಾದೀತು. ಕಾರವಾರ, ಕುಮಟಾದ ಏಪ್ರಿಲ್–ಮೇ ಸೆಕೆಗೆ ತಂಪು ಮಾಡುವ ಬಿಓಡಿ ಇನ್‌ಕ್ಯುಬೇಟರೇ ಬೇಕು. ಬಿಸಿ ಮಾಡುವುದಷ್ಟೇ ಬಲ್ಲ ಸಾದಾ ಪೆಟ್ಟಿಗೆ ಅಲ್ಲಿ ದಂಡ.

ಸ್ಪೋರ್ ಬರಲಿಲ್ಲವೆಂದು ಪೌಡರನ್ನು ಬೈಯುವ ಮೊದಲು ಯೀಸ್ಟ್ ಯಾವುದೆಂದು ನೋಡಿ. ಬೇಕರಿ ಪ್ಯಾಕೆಟ್ಟಿನ ತಳಿಗಳಲ್ಲಿ ಕ್ರೋಮೊಸೋಮ್ ಸೆಟ್‌ಗಳು ಎರಡಕ್ಕಿಂತ ಹೆಚ್ಚಿರುವುದೇ ಜಾಸ್ತಿ. ಸ್ಪೋರ್ ವಿರಳ, ಬಂದರೂ ಕೋಶಕ್ಕೆ ನಾಲ್ಕರ ಬದಲು ಎರಡು. ಹ್ಯಾಪ್ಲಾಯ್ಡ್ (ಒಂದೇ ಸೆಟ್ಟಿನ) ತಳಿಯಾದರೆ ಆಸೆಯೇ ಬೇಡ. ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹದಿಂದ ಡಿಪ್ಲಾಯ್ಡ್ ಎಂದು ಖಚಿತಪಡಿಸಿಕೊಂಡೇ ತರಿಸಿ.

ಬಣ್ಣ ಹಾಕುವುದಾದರೆ ಮಲಕೈಟ್ ಗ್ರೀನ್ ಆವಿಯಲ್ಲಿ, ಮೇಲೆ ಸಫ್ರಾನಿನ್: ಸ್ಪೋರ್ ಹಸಿರು, ಉಳಿದ ಕೋಶ ಕೆಂಪು. ನಾಲ್ಕರ ಗುಂಪು ಬಣ್ಣವಿಲ್ಲದೆಯೂ 40ರ ಲೆನ್ಸಿನಲ್ಲಿ ಕಾಣುತ್ತದೆ.

ಮಳೆಗಾಲಕ್ಕೆ ಡಬ್ಬಿಯ ಮುಚ್ಚಳ ಸಡಿಲ. ಪೌಡರ್ ತೇವ ಎಳೆದು ಗಟ್ಟಿಯಾಗುತ್ತದೆ, ತೂಕವೂ ತಪ್ಪುತ್ತದೆ. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿಡಿ. ಬಿಡಿ ಪೊಟ್ಯಾಸಿಯಂ ಅಸಿಟೇಟ್ ಅಂತೂ ಜುಲೈಯಲ್ಲಿ ಬಾಟಲಿಯಲ್ಲೇ ನೀರಾಗುತ್ತದೆ. ಸ್ವಂತ ಬೆರೆಸಿದರೆ ಅಗ್ಗ, ಆದರೆ ಸೋಡಿಯಂ ಅಸಿಟೇಟ್ ಲೇಬಲ್ ಓದಿ: ಟ್ರೈಹೈಡ್ರೇಟ್ (ಹರಳಿನೊಳಗೆ ನೀರು ಸೇರಿದ ರೂಪ) ಇದ್ದರೆ 8.2 ಅಲ್ಲ, 13.6 ಗ್ರಾಂ.