ಕುಸ್ಕೊ ಕಾರಂಜಿ ಹತ್ತಿರ ಭುಜದ ಮೇಲೆ ಏನಾದರೂ ಬಿದ್ದರೆ ನಿಲ್ಲಬೇಡಿ

ಪೆರುವಿನ ಕುಸ್ಕೊಗೆ ಹೋಗುವವರು ಇದನ್ನು ಓದಿಕೊಂಡು ಹೋಗಿ. ಅಲ್ಲಿನ ಪ್ಲಾಸಾ ದೆ ಆರ್ಮಾಸ್ ಚೌಕದಲ್ಲಿ, ಕಾರಂಜಿ ಎದುರು, ನನ್ನ ಭುಜದ ಮೇಲೆ ಹಕ್ಕಿ ಹಿಕ್ಕೆ ಬಿತ್ತು. ಬಿತ್ತು ಅಂತ ನಾನು ನಂಬಿದೆ. ಎರಡು ಮೂರು ನಿಮಿಷದಲ್ಲಿ ಬ್ಯಾಗ್ ಹೋಯಿತು. ಅದರೊಳಗಿದ್ದ ಪಾಸ್‌ಪೋರ್ಟೂ ಹೋಯಿತು.

ಜಾಗ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳಿದ ಇಂಕಾಗಳ ಕಾಲದಲ್ಲೂ ಊರಿನ ಮುಖ್ಯ ಚೌಕ ಇದೇ. ಒಂದು ಕಡೆ 1654ರಲ್ಲಿ ಕಟ್ಟಿ ಮುಗಿಸಿದ ಕ್ಯಾಥೆಡ್ರಲ್, ಇನ್ನೊಂದು ಕಡೆ ಜೆಸ್ಯೂಟರ ಚರ್ಚ್. ನಡುವೆ ಕಾರಂಜಿ, ಅದರ ತುದಿಯಲ್ಲಿ ಬಂಗಾರದ ಬಣ್ಣದ ಇಂಕಾ ರಾಜ. ಪ್ರತಿಮೆ ತುಂಬಾ ಹಳೆಯದು ಅಂದುಕೊಂಡಿದ್ದೆ. ಅಲ್ಲ, 2011ರಲ್ಲಿ ನಿಲ್ಲಿಸಿದ್ದು. ಪಾರಂಪರಿಕ ಚೌಕದಲ್ಲಿ ಇದು ಯಾಕೆ ಅಂತ ಅವರ ಸಂಸ್ಕೃತಿ ಸಚಿವಾಲಯವೇ ತಕರಾರು ತೆಗೆದಿತ್ತು. ಫೋಟೋಗೆ ಮಾತ್ರ ಭರ್ಜರಿ. ಬಂದವರೆಲ್ಲ ಕತ್ತೆತ್ತಿ ಅವನನ್ನೇ ನೋಡುತ್ತಾರೆ. ಕಳ್ಳರಿಗೆ ಬೇಕಾದ್ದೂ ಅದೇ.

ನಾವು ಲಿಮಾದಿಂದ ಬಂದಿಳಿದದ್ದು ಅದೇ ದಿನ ಬೆಳಿಗ್ಗೆ. ಲಿಮಾ ಸಮುದ್ರದ ದಂಡೆ, ಕುಸ್ಕೊ ಸುಮಾರು 3,400 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930. ತಲೆ ಭಾರ, ನಾಲ್ಕು ಹೆಜ್ಜೆಗೆ ಏದುಸಿರು. ಅಲ್ಲಿಯವರು ಇದಕ್ಕೆ ಸೊರೋಚೆ ಅನ್ನುತ್ತಾರೆ. ಹೋಟೆಲ್‌ನವರು ಕೊಟ್ಟ ಕೋಕಾ ಎಲೆಯ ಕಷಾಯ ಕುಡಿದು ಮಲಗಿದ್ದರೆ ಚೆನ್ನಾಗಿತ್ತು. ಸುಮ್ನೆ ಕೂರುವುದಕ್ಕೆ ಆಗಲಿಲ್ಲ, ಹೊರಟೆವು. ವಿದೇಶಿಯರು ಪಾಸ್‌ಪೋರ್ಟ್ ತೋರಿಸಿದರೆ ರೂಮ್ ಬಾಡಿಗೆ ಮೇಲಿನ 18% ತೆರಿಗೆ ಬಿಡುತ್ತಾರೆ. ಹಾಗೆ ಕೌಂಟರಿನಲ್ಲಿ ತೋರಿಸಿದ್ದನ್ನು ಮತ್ತೆ ಬ್ಯಾಗಿಗೇ ತುರುಕಿದ್ದೆ.

ಹೆಂಡತಿ ಫೋಟೋ ತೆಗೆಯುತ್ತಿದ್ದಳು. ಭುಜಕ್ಕೆ ಏನೋ ತಣ್ಣಗೆ ತಾಗಿತು. ನೋಡಿದರೆ ಹಸಿರು ಹಳದಿ ಲೋಳೆ. ತಕ್ಷಣ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದಳು. "ಪಾಲೋಮಾ, ಪಾಲೋಮಾ" ಅಂತ ಆಕಾಶ ತೋರಿಸಿದಳು. ಪಾಲೋಮಾ ಅಂದರೆ ಪಾರಿವಾಳ. ಕೈಯಲ್ಲಿ ಟಿಶ್ಯೂ, ನೀರಿನ ಬಾಟಲಿ, ಎರಡೂ ತಯಾರಿದ್ದವು! ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಹಿಕ್ಕೆ ಬಿದ್ದರೆ ಮೊದಲು ತೊಳಕೊ ಅಂತ ಕೇಳಿಕೊಂಡೇ ಬೆಳೆದವನು ನಾನು. ಪಾಪ, ನಮ್ಮ ಅತ್ತೆ ತರಹ ಇದ್ದಾಳೆ ಅನ್ನಿಸಿತು. ಜಾಕೆಟ್ ಬಿಚ್ಚಬೇಕಾದರೆ ಬ್ಯಾಗ್ ಇಳಿಸಲೇಬೇಕು. ಬೆಂಚಿನ ಮೇಲೆ ಇಟ್ಟೆ. ಅವಳು ಬೆನ್ನು ಒರೆಸುತ್ತಾ ನನ್ನನ್ನು ಮೆಲ್ಲಗೆ ಆ ಕಡೆ ತಿರುಗಿಸಿದಳು. ಹೆಂಡತಿಯೂ ಒರೆಸಲು ಬಂದಳು. ತಿರುಗಿ ನೋಡಿದಾಗ ಬೆಂಚು ಖಾಲಿ. ಮತ್ತೆ ಈ ಕಡೆ ನೋಡಿದರೆ ಆ ಹೆಂಗಸೂ ಇಲ್ಲ. ಓಡೋಣ ಎಂದರೆ ಇಪ್ಪತ್ತು ಹೆಜ್ಜೆಗೇ ಉಸಿರು ಕಟ್ಟಿತು.

ಆಮೇಲೆ ಜಾಕೆಟ್ ಮೂಸಿದೆ. ಸಾಸಿವೆ ಸಾಸ್.

ಪ್ರವಾಸಿ ಪೊಲೀಸರು ದೂರು ಬರೆದುಕೊಂಡರು. ಆ ಕಾಗದ ಬಿಡದೆ ತಗೊಳ್ಳಿ. ಇನ್ಶೂರೆನ್ಸಿಗೂ ಅದು ಬೇಕು, ರಾಯಭಾರ ಕಚೇರಿಗೂ ಬೇಕು. ನಮ್ಮ ರಾಯಭಾರ ಕಚೇರಿ ಇರುವುದು ಲಿಮಾದಲ್ಲಿ, ಅಂದರೆ ಮತ್ತೆ ವಿಮಾನ. ಅಲ್ಲಿ ಮನೆಗೆ ಮರಳಲು ತುರ್ತು ಪ್ರಯಾಣ ಪತ್ರ ಕೊಟ್ಟರು. ಆದರೆ ನಮ್ಮ ವಾಪಸ್ ಟಿಕೆಟ್ ಅಮೆರಿಕದ ಮೂಲಕ ಇತ್ತು. ಅಮೆರಿಕದ ವೀಸಾ ಕಳೆದುಹೋದ ಪಾಸ್‌ಪೋರ್ಟಿನಲ್ಲೇ ಇತ್ತು. ಅಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಬೇರೆ ದಾರಿಯ ಟಿಕೆಟ್‌ಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಆ ಚೌಕದಲ್ಲಿ ಮೈಮೇಲೆ ಏನೇ ಬಿದ್ದರೂ ಬ್ಯಾಗ್ ಎದೆಗೆ ಅವಚಿಕೊಂಡು ನಡೆದುಬಿಡಿ. ಯಾವುದಾದರೂ ಹೋಟೆಲ್ ಒಳಗೆ ಹೋಗಿ ತೊಳೆದುಕೊಳ್ಳಿ. ಸಹಾಯಕ್ಕೆ ಬಂದವರು ನಿಜವಾಗಿಯೂ ಒಳ್ಳೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳಲಿ, ಪರವಾಗಿಲ್ಲ. ಪಾಸ್‌ಪೋರ್ಟ್ ಅಂಗಿಯ ಒಳಗಿನ ಚೀಲದಲ್ಲಿರಲಿ. ರೂಮಿನಲ್ಲಿ ಬೀಗ ಹಾಕುವ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು.

ಬೆಟ್ಟದ ಮೇಲಿನ ಇಂಕಾಗಳ ಪಾಳು ನಗರ ಮಾಚು ಪಿಚುಗೆ ಟಿಕೆಟ್ ಜೊತೆ ಅಸಲು ಪಾಸ್‌ಪೋರ್ಟ್ ತೋರಿಸಬೇಕು, ರೈಲಿಗೂ ಅಷ್ಟೇ. ಮೂರು ತಿಂಗಳ ಮುಂಚೆ ಬುಕ್ ಮಾಡಿದ್ದು. ಇಬ್ಬರ ದುಡ್ಡೂ ಯಾಕೆ ಹಾಳು ಮಾಡೋದು ಅಂತ ಹೆಂಡತಿಯನ್ನು ಒಬ್ಬಳನ್ನೇ ಕಳಿಸಿ ನಾನು ಲಿಮಾ ವಿಮಾನ ಹತ್ತಿದೆ. ಅವಳು ತೆಗೆದ ನಾನೂರು ಫೋಟೋಗಳನ್ನು ಇನ್ನೂ ಪೂರ್ತಿ ನೋಡಿಲ್ಲ.