ಟೆಂಪ್ಲೇಟ್ ಒಂದು, ಕೈಗಳು ನಾಲ್ಕು: ಲಿಬ್ರೆಆಫೀಸ್ ರೈಟರ್ ಬಳಸಿದ ಅನುಭವ

ಕನ್ನಡದ ಒಂದು ಸಣ್ಣ ತ್ರೈಮಾಸಿಕದ ಪುಟವಿನ್ಯಾಸವನ್ನು ನಾನು ಲಿಬ್ರೆಆಫೀಸ್ ರೈಟರ್ ಎಂಬ ಬರಹದ ತಂತ್ರಾಂಶದಲ್ಲಿ ಮಾಡುತ್ತೇನೆ. ಸಂಪಾದಕರು ಧಾರವಾಡದಲ್ಲಿ, ಕರಡು ತಿದ್ದುವ ಇಬ್ಬರಲ್ಲಿ ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ಪುಣೆಯಲ್ಲಿ, ನಾನು ಶಿವಮೊಗ್ಗದಲ್ಲಿ ಇರುವುದರಿಂದ ಪ್ರತಿಯೊಂದು ಲೇಖನವೂ ಅಚ್ಚಿಗೆ ಹೋಗುವ ಮೊದಲು ಐದಾರು ಬಾರಿ ಇಮೇಲ್‌ನಲ್ಲಿ ಓಡಾಡುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದ, ಉಚಿತವಾಗಿ ಸಿಗುವ ಈ ತಂತ್ರಾಂಶದ ಉಳಿದ ಗುಣಾವಗುಣಗಳನ್ನು ಬಿಟ್ಟು, ಹೀಗೆ ಊರೂರು ತಿರುಗುವ ಕಡತದೊಂದಿಗೆ ಟೆಂಪ್ಲೇಟ್, ಅಂದರೆ ಎಲ್ಲ ಲೇಖನಗಳಿಗೂ ಒಂದೇ ರೂಪ ಕೊಡುವ ಮಾದರಿ ಕಡತ, ಎಷ್ಟು ದೂರ ಬರುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಟೆಂಪ್ಲೇಟ್ ತಯಾರಿಸುವುದರಲ್ಲಿ ತೊಡಕೇನೂ ಇಲ್ಲ. ಬೇಕಾದ ಶೈಲಿಗಳನ್ನು (ತಲೆಬರಹ, ಮುಖ್ಯಪಠ್ಯ ಮುಂತಾದವುಗಳ ಫಾಂಟ್, ಗಾತ್ರ, ಬಣ್ಣಗಳನ್ನು ಒಂದೊಂದು ಹೆಸರಿನಡಿ ಕಟ್ಟಿಟ್ಟದ್ದು) ಹೊಂದಿಸಿಕೊಂಡು ಶಿಫ್ಟ್ ಮತ್ತು ಎಫ್11 ಒತ್ತಿದರೆ ಕಡತವು ಓಟಿಟಿ ರೂಪದಲ್ಲಿ ಉಳಿಯುತ್ತದೆ. (ಓಟಿಟಿ ಎಂದೊಡನೆ ಈಗ ಎಲ್ಲರಿಗೂ ಸಿನಿಮಾ ನೆನಪಾಗುವುದರಿಂದ ನಾವು ನಮ್ಮೊಳಗೆ ಅದನ್ನು 'ಅಚ್ಚು' ಎಂದೇ ಕರೆಯುತ್ತೇವೆ.) ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಮೂಲ ತೆರೆಯುವುದಿಲ್ಲ, ಹೆಸರಿಲ್ಲದ ಹೊಸ ಪ್ರತಿಯೊಂದು ತೆರೆಯುತ್ತದೆ, ಮೂಲವನ್ನೇ ತಿದ್ದಬೇಕಾದರೆ ಫೈಲ್ ಮೆನುವಿನ ಟೆಂಪ್ಲೇಟ್ ವಿಭಾಗಕ್ಕೆ ಹೋಗಿ ಎಡಿಟ್ ಎಂದು ಹೇಳಬೇಕು. ಅವಸರದಲ್ಲಿರುವವರ ಕೈಯಿಂದ ಮೂಲವನ್ನು ಕಾಪಾಡುವ ಈ ಏರ್ಪಾಡು ನನಗೆ ಬಹಳ ಹಿಡಿಸಿದೆ.

ತೊಡಕು ಶುರುವಾಗುವುದು ಕಡತವು ಇನ್ನೊಬ್ಬರ ಕೈಗೆ ಹೋದಾಗ. ಲೇಖನದ ಕಡತದೊಳಗೆ ಶೈಲಿಗಳ ನಕಲು ಇರುತ್ತದೆಯಾದ್ದರಿಂದ ಅದನ್ನು ಓದಲು, ತಿದ್ದಲು ಎದುರಿನವರ ಬಳಿ ಟೆಂಪ್ಲೇಟ್ ಇರಬೇಕಾಗಿಲ್ಲ. ಆದರೆ ಟೆಂಪ್ಲೇಟಿನೊಂದಿಗಿನ ನಂಟು ಎಂಬುದು ಅದರ ಹೆಸರು, ಅದು ಇದ್ದ ಜಾಗದ ವಿಳಾಸ ಮತ್ತು ಒಂದು ದಿನಾಂಕ ಮಾತ್ರ. ರೈಟರ್‌ನಲ್ಲಿ ಲೇಖನ ಉಳಿಯುವ ಓಡಿಟಿ ರೂಪದ ಕಡತವು ಜಿಪ್ ಮಾಡಿದ ಒಂದು ಗಂಟು; ಅದನ್ನು ಬಿಚ್ಚಿ ಮೆಟಾ ಎಂಬ ಹೆಸರಿನ ಎಕ್ಸ್‌ಎಂಎಲ್ ಕಡತವನ್ನು ನೋಡಿದರೆ ಈ ಮೂರೂ ಅಲ್ಲಿ ಒಂದೇ ಸಾಲಿನಲ್ಲಿ ಕಾಣುತ್ತವೆ. ನಮ್ಮ ಕಡತಗಳಲ್ಲಿದ್ದುದು ನನ್ನ ಕಂಪ್ಯೂಟರಿನ ವಿಳಾಸ, ಅದರ ನಡುವೆ ನನ್ನ ಲಾಗಿನ್ ಹೆಸರು. ಆ ಹೆಸರು ಇಷ್ಟು ದಿನ ಎಲ್ಲರಿಗೂ ಹೋಗುತ್ತಿತ್ತೆಂದು ತಿಳಿದಾಗ ಸ್ವಲ್ಪ ಮುಜುಗರವಾಯಿತು. ಆ ವಿಳಾಸವು ಮೈಸೂರಿನ ಕಂಪ್ಯೂಟರಿನಲ್ಲಿ ಎಲ್ಲಿಗೂ ತಲುಪುವುದಿಲ್ಲ. ಹೀಗಾಗಿ ನಾನು ಮೂಲವನ್ನು ಎಷ್ಟು ತಿದ್ದಿದರೂ ಅಲ್ಲಿರುವ ಪ್ರತಿ ಹಳೆಯದಾಗಿಯೇ ಉಳಿಯುತ್ತದೆ.

ಮೂಲ ಇರುವ ಕಂಪ್ಯೂಟರಿನಲ್ಲಿ ಮಾತ್ರ, ಟೆಂಪ್ಲೇಟ್ ಬದಲಾದ ಮೇಲೆ ಕಡತ ತೆರೆದರೆ, ಶೈಲಿಗಳನ್ನು ಹೊಸದಾಗಿಸಬೇಕೆ, ಹಳೆಯವನ್ನೇ ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಬರುತ್ತದೆ. ಒಮ್ಮೆ ಮುಖ್ಯಪಠ್ಯದ ಗಾತ್ರವನ್ನು 12ರಿಂದ 11.5ಕ್ಕೆ ಇಳಿಸಿದ್ದ ನಾನು, ಆಮೇಲೆ ನೋಡಿದರಾಯಿತು ಎಂದುಕೊಂಡು ಎರಡನೆಯ ಗುಂಡಿ ಒತ್ತಿದೆ. ಆ 'ಆಮೇಲೆ' ಬರಲೇ ಇಲ್ಲ, ಏಕೆಂದರೆ ಹಳೆಯದನ್ನು ಇಟ್ಟುಕೊಳ್ಳುತ್ತೇನೆಂದು ಒಮ್ಮೆ ಹೇಳಿದರೆ ಆ ಕಡತಕ್ಕೆ ಈ ಪ್ರಶ್ನೆ ಮತ್ತೆ ಬರುವುದಿಲ್ಲ. ಕೈಪಿಡಿಯಲ್ಲಿ ಇದನ್ನು ಬರೆದಿದ್ದಾರೆ, ಓದದೇ ಹೋದದ್ದು ನನ್ನ ತಪ್ಪು. ಆದರೂ ಇಷ್ಟು ದೊಡ್ಡ ಪರಿಣಾಮವಿರುವ ಗುಂಡಿಯ ಪಕ್ಕದಲ್ಲಿ ಒಂದು ಸಾಲಿನ ಎಚ್ಚರಿಕೆ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಸಂಗತಿ ಮುಖ್ಯ. ರೈಟರ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿನಲ್ಲಿ ಇರಿಸುತ್ತದೆ. ಪ್ರತಿ ಶೈಲಿಯಲ್ಲೂ ಪಾಶ್ಚಾತ್ಯ ಲಿಪಿಗೆ ಒಂದು ಫಾಂಟ್ ಮತ್ತು ಗಾತ್ರ, ಈ ಗುಂಪಿಗೆ ಬೇರೆಯೇ ಫಾಂಟ್ ಮತ್ತು ಗಾತ್ರ ಇರುತ್ತವೆ. ನಮ್ಮ ಸಂಪಾದಕರು ಶೈಲಿಯಲ್ಲಿ ಮೊದಲನೆಯದನ್ನಷ್ಟೇ ಬದಲಿಸಿ, ಲೇಖನದ ನಡುವಿನ ಇಂಗ್ಲಿಷ್ ಪದಗಳು ಮಾತ್ರ ದಪ್ಪಗಾಗಿ ಕನ್ನಡ ಇದ್ದಂತೆಯೇ ಇರುವುದನ್ನು ಕಂಡು ತಂತ್ರಾಂಶವೇ ಕೆಟ್ಟಿದೆ ಎಂದು ಫೋನ್ ಮಾಡಿದ್ದರು. ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಮಾನದಂಡ) ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬಂದ ಲೇಖನಗಳ ಪಾಡು ಇನ್ನೂ ವಿಚಿತ್ರ. ಅಲ್ಲಿರುವುದು ಕನ್ನಡದ ವೇಷ ಹಾಕಿದ ಲ್ಯಾಟಿನ್ ಅಕ್ಷರಗಳಾದ್ದರಿಂದ, ಟೆಂಪ್ಲೇಟಿನ ಶೈಲಿ ಹಚ್ಚಿ ಹಳೆಯ ಫಾಂಟನ್ನು ತೆಗೆದ ಕೂಡಲೇ ಪುಟವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಇನ್ನು, ಟೆಂಪ್ಲೇಟಿನೊಂದಿಗೆ ಹೋಗುವುದು ಫಾಂಟಿನ ಹೆಸರು ಮಾತ್ರ. ನೋಟೊ ಸೆರಿಫ್ ಕನ್ನಡ ಇಲ್ಲದ ಕಂಪ್ಯೂಟರಿನಲ್ಲಿ ಬೇರೊಂದು ಫಾಂಟ್ ಬಂದು ಕೂರುತ್ತದೆ, ಒತ್ತಕ್ಷರಗಳ ಇಳಿತ ಬದಲಾಗಿ ಸಾಲುಗಳು ಜರುಗುತ್ತವೆ, ಆರು ಪುಟದ ಲೇಖನ ಏಳನೆಯ ಪುಟಕ್ಕೆ ಕಾಲು ಚಾಚುತ್ತದೆ. ಫೈಲ್ ಪ್ರಾಪರ್ಟೀಸ್‌ನ ಫಾಂಟ್ ಪುಟದಲ್ಲಿ ಫಾಂಟನ್ನು ಕಡತದೊಳಗೇ ಅಡಕಗೊಳಿಸುವ ಆಯ್ಕೆ ಇದೆ. ಕಡತ ಸ್ವಲ್ಪ ಭಾರವಾಗುತ್ತದೆ, ಆದರೆ ಪುಟಸಂಖ್ಯೆ ಕದಲುವುದಿಲ್ಲ.

ಮೈಕ್ರೋಸಾಫ್ಟ್ ವರ್ಡ್‌ನೊಂದಿಗೆ ಹೋಲಿಸಿದರೆ, ಯಾವುದೇ ಕಡತಕ್ಕೆ ಬೇಕೆಂದಾಗ ಬೇರೆ ಟೆಂಪ್ಲೇಟ್ ಲಗತ್ತಿಸುವ ಸೌಲಭ್ಯ ಅಲ್ಲಿ ಮೊದಲಿನಿಂದಲೂ ಇದೆ. ಇಲ್ಲಿ ಅದಕ್ಕೆ ಟೆಂಪ್ಲೇಟ್ ಚೇಂಜರ್ ಎಂಬ ವಿಸ್ತರಣೆಯನ್ನು (ಮೇಲಿಂದ ಸೇರಿಸುವ ಪುಟ್ಟ ತಂತ್ರಾಂಶವನ್ನು) ಹುಡುಕಿ ಹಾಕಿಕೊಳ್ಳಬೇಕಾಯಿತು. ಆದರೆ ವರ್ಡ್‌ನಲ್ಲಿ ಶೈಲಿಗಳನ್ನು ತಾನಾಗಿಯೇ ಹೊಸದಾಗಿಸುವ ಆಯ್ಕೆಗೆ ಗುರುತು ಹಾಕಿ ಕಳುಹಿಸಿದರೆ, ಕಡತವು ಎದುರಿನವರ ಕಂಪ್ಯೂಟರಿನಲ್ಲಿರುವ ನಾರ್ಮಲ್ ಎಂಬ ವರ್ಡ್‌ನ ಮೂಲ ಟೆಂಪ್ಲೇಟಿನ ರೂಪವನ್ನು ಸದ್ದಿಲ್ಲದೆ ತಾಳಬಹುದು. ಕೇಳದೆ ಬದಲಿಸುವುದಕ್ಕಿಂತ ಒಮ್ಮೆಯಾದರೂ ಕೇಳುವ ರೈಟರ್‌ನ ಕ್ರಮವೇ ಮೇಲು.

ಕೊನೆಗೆ ನಮ್ಮ ಕೈ ಹಿಡಿದದ್ದು, ಶೈಲಿಗಳ ಪಟ್ಟಿಯಲ್ಲೇ ಇರುವ 'ಲೋಡ್ ಸ್ಟೈಲ್ಸ್' ಎಂಬ ಸಾಧಾರಣ ಆದೇಶ. ಟೆಂಪ್ಲೇಟಿನ ನಂಟು ಉಳಿದಿದೆಯೋ ಕಡಿದಿದೆಯೋ ಎಂಬುದನ್ನು ಅದು ಕೇಳುವುದೇ ಇಲ್ಲ. ಓವರ್‌ರೈಟ್ ಗುರುತು ಹಾಕಿ ಮೂಲ ಕಡತವನ್ನು ತೋರಿಸಿದರೆ ಒಂದೇ ಹೆಸರಿನ ಶೈಲಿಗಳೆಲ್ಲ ಸರಿಹೋಗುತ್ತವೆ. ಷರತ್ತು ಇರುವುದು ಆ ಹೆಸರಿನಲ್ಲೇ. ಕಳೆದ ಸಂಚಿಕೆಯಲ್ಲಿ ಒಬ್ಬರು 'ಉಪಶೀರ್ಷಿಕೆ' ಎಂದೂ ಇನ್ನೊಬ್ಬರು ನಡುವೆ ಜಾಗ ಬಿಟ್ಟು 'ಉಪ ಶೀರ್ಷಿಕೆ' ಎಂದೂ ಶೈಲಿ ಮಾಡಿಕೊಂಡಿದ್ದರಿಂದ ಅರ್ಧದಷ್ಟು ತಲೆಬರಹಗಳು ಹಳೆಯ ಬಣ್ಣದಲ್ಲೇ ಉಳಿದಿದ್ದವು. ಕೈಯಾರೆ ಮಾಡಿದ ಅಲಂಕಾರಗಳೂ ಇದಕ್ಕೆ ಜಗ್ಗುವುದಿಲ್ಲ, ಅವನ್ನು ಆಯ್ದು ಕಂಟ್ರೋಲ್ ಮತ್ತು ಎಂ ಒತ್ತಿ ಅಳಿಸಬೇಕು. ಈಗ ಪ್ರತಿ ಸಂಚಿಕೆಯ ಮೊದಲ ಇಮೇಲ್‌ನಲ್ಲಿ, ಹೆಸರಿನೊಳಗೆ ದಿನಾಂಕವಿರುವ ಓಟಿಟಿ ಕಡತವನ್ನೂ ಶೈಲಿಗಳ ಹೆಸರುಗಳ ಒಂದು ಪುಟದ ಪಟ್ಟಿಯನ್ನೂ ಎಲ್ಲರಿಗೂ ಕಳುಹಿಸುತ್ತೇನೆ. ಪುಣೆಯವರು ಮಾತ್ರ ಇಂದಿಗೂ ತಮಗೆ ತೋಚಿದ ಹೆಸರನ್ನೇ ಇಡುತ್ತಾರೆ. ಅವರ ಕಡತಕ್ಕೆಂದು ಪ್ರತಿ ಬಾರಿಯೂ ಅರ್ಧ ಗಂಟೆ ಎತ್ತಿಟ್ಟಿರುತ್ತೇನೆ.