ಸೋವಿಗೆ ಸಿಕ್ಕ ಹಳೇ ಬೋಟು: ಎರಡು ಓಡಿಸಿ ನೋಡಿದೆ, ಮೂರನೆಯದರಲ್ಲಿ ಸೀಟು ಹಿಡಿದೆ

ಬೇರೆಯವರ ಬೋಟಿನಲ್ಲಿ ಕೂತು ಗಾಳ ಹಾಕಿ ಹಾಕಿ ಸಾಕಾಗಿತ್ತು. ಅವರು ಹೊರಟಾಗ ಹೊರಡಬೇಕು. ಮೀನು ಕಚ್ಚೋಕೆ ಶುರುವಾದ ಹೊತ್ತಿಗೇ ಅವರಿಗೆ ಮನೆ ನೆನಪಾದರೆ ವಾಪಸ್ ಬರಬೇಕು. ನಮ್ಮದೇ ಒಂದಿದ್ದರೆ ಆಳಸಮುದ್ರಕ್ಕೆ ಬೇಕಾದಾಗ ಹೋಗಬಹುದು ಅಂತ ಆಸೆ. ಹೊಸದು ಕೊಳ್ಳುವ ತಾಕತ್ತಿಲ್ಲ. ಹೀಗಿರುವಾಗ ಒಂದೇ ವಾರದಲ್ಲಿ ಎರಡು ಹಳೇ ಬೋಟು ಕಣ್ಣಿಗೆ ಬಿದ್ದವು. ಒಂದು 18 ಅಡಿ, ಇನ್ನೊಂದು 24 ಅಡಿ. ಬೆಲೆ ಮಾತ್ರ ಹೆಚ್ಚುಕಮ್ಮಿ ಒಂದೇ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಖುಷಿ.

ಚಿಕ್ಕದು ತೆರೆದ ಫೈಬರ್ ಬೋಟು. ಹಿಂದೆ ಹೊರಗೆ ನೇತುಹಾಕಿದ 60 ಎಚ್‌ಪಿಯ ಹಳೇ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಬಿಸಿಲಿಗೆ ಬಣ್ಣ ಮಾಸಿ, ಕೈಯಾಡಿಸಿದರೆ ಸುಣ್ಣದ ಪುಡಿಯ ಹಾಗೆ ಬೆರಳಿಗೆ ಅಂಟುತ್ತಿತ್ತು. ದೊಡ್ಡದಕ್ಕೆ ಮುಂದೆ ಇಬ್ಬರು ಮಲಗುವಷ್ಟು ಕ್ಯಾಬಿನ್, ಒಳಗೆ 150 ಎಚ್‌ಪಿ ಡೀಸೆಲ್ ಎಂಜಿನ್. ಹೊಸ ಬಣ್ಣ ಹೊಡೆಸಿಕೊಂಡು ಮದುಮಗಳ ಹಾಗೆ ನಿಂತಿತ್ತು. ತಳದಲ್ಲಿ ನೀರು ನಿಲ್ಲುವ ಜಾಗಕ್ಕೂ ಬಣ್ಣ. ಯಾರೂ ಬಗ್ಗಿ ನೋಡದ ಜಾಗಕ್ಕೆ ಯಾರಾದರೂ ಸುಮ್ನೆ ಬಣ್ಣ ಹೊಡೆಸುತ್ತಾರಾ?

ಫೈಬರ್ ಬೋಟು ಕೊಳೆಯೋದಿಲ್ಲ ಅಂತ ನಾನು ನಂಬಿಕೊಂಡಿದ್ದೆ. ಫೈಬರ್ ಕೊಳೆಯೋದಿಲ್ಲ, ನಿಜ. ಆದರೆ ಹಳೇ ಬೋಟುಗಳಲ್ಲಿ ಎರಡು ಪದರ ಫೈಬರಿನ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇರುತ್ತದೆ. ಡೆಕ್ಕಿನಲ್ಲಿ ಇರುತ್ತದೆ, ಎಂಜಿನ್ ನೇತುಹಾಕುವ ಹಿಂಬದಿಯ ಗೋಡೆಯಲ್ಲೂ ಇರುತ್ತದೆ. ಆ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಹಿಂದೆ ಯಾವನೋ ಗಾಳದ ಕೋಲು ನಿಲ್ಲಿಸುವ ಕೊಳವೆ ಕೂರಿಸಲು ತೂತು ಕೊರೆದು, ಸೀಲ್ ಹಾಕದೆ ಬಿಟ್ಟಿದ್ದರೆ ಸಾಕು. ನೀರು ಅಲ್ಲಿಂದ ಇಳಿದು ವರ್ಷಗಟ್ಟಲೆ ಒಳಗೇ ಕೂರುತ್ತದೆ. ಹೊರಗಿಂದ ನೋಡಿದರೆ ಗುಂಡುಕಲ್ಲು, ಒಳಗೆ ನೆನೆದ ರಟ್ಟು.

ಎಂಜಿನ್ ರಿಪೇರಿ ಮಾಡುವ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವನು ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಚಿಕ್ಕ ಬೋಟಿನ ಮೈಯನ್ನು ಮೂತಿಯಿಂದ ಹಿಂಬದಿಯವರೆಗೆ ಗೇಣುಗೇಣಿಗೆ ತಟ್ಟುತ್ತಾ ಬಂದ. ಟಕ್ ಟಕ್ ಟಕ್. ಎಲ್ಲೂ ಸದ್ದು ಬದಲಾಗಲಿಲ್ಲ. ಎಂಜಿನ್ನಿನ ಕಾಲಿನ ಮೇಲೆ ನನ್ನ ಭಾರವನ್ನೆಲ್ಲ ಹಾಕಿ ಒತ್ತಲು ಹೇಳಿ, ತಾನು ಟ್ರಾನ್ಸಮ್ ಅಂಚಿಗೆ ಕಣ್ಣಿಟ್ಟು ಕೂತ. ಅದು ಮಿಸುಕಲಿಲ್ಲ.

ದೊಡ್ಡದರ ಡೆಕ್ಕಿನ ಮೇಲೆ ಅದೇ ಸ್ಕ್ರೂಡ್ರೈವರ್. ಮುಂದೆಲ್ಲ ಟಕ್ ಟಕ್. ಹಿಂದಿನ ಮೂಲೆಗೆ ಬಂದ ಕೂಡಲೇ ಬೊದ್ ಅಂತು. ಮತ್ತೆ ತಟ್ಟಿದರೆ ಮತ್ತೆ ಬೊದ್. ಮಾಲೀಕರನ್ನು ಕೇಳಿ, ಅಲ್ಲಿದ್ದ ಕೊಳವೆಯ ಒಂದು ಸ್ಕ್ರೂ ಬಿಚ್ಚಿದ. ಸ್ಕ್ರೂ ಹಿಂದೆಯೇ ಕಂದು ನೀರು ಒಂದು ಎಳೆ ಹರಿದು ಹೊಸ ಬಿಳಿ ಬಣ್ಣದ ಮೇಲೆ ಇಳಿಯಿತು. ಮಳೆಗಾಲದಲ್ಲಿ ಮುಚ್ಚಿಟ್ಟ ಸೌದೆ ಕೋಣೆಯ ವಾಸನೆ. "ಅದು ನಿನ್ನೆ ತೊಳೆದ ನೀರು ಸಾರ್" ಅಂದರು ಮಾಲೀಕರು. ಗೆಳೆಯ ಏನೂ ಮಾತಾಡದೆ ಸ್ಕ್ರೂ ವಾಪಸ್ ಹಾಕಿದ. ತಿರುಗಿಸಿದಷ್ಟೂ ತಿರುಗುತ್ತಿತ್ತು. ಕಚ್ಚಿಕೊಳ್ಳಲು ಒಳಗೆ ಮರವೇ ಇರಲಿಲ್ಲ.

ಇಷ್ಟಾದ ಮೇಲೂ ನನ್ನ ಮನಸ್ಸು ದೊಡ್ಡದರ ಮೇಲೇ ಇತ್ತು. ಕ್ಯಾಬಿನ್ ಅಂದರೆ ಹಾಗೆ, ತಲೆ ಕೆಡಿಸುತ್ತದೆ.

ಇನ್ನು ಎಂಜಿನ್. ಹಳೇ ಬೋಟು ನೋಡಲು ಹೋದಾಗ ಮಾತಿಗೆ ಮುಂಚೆ ಎಂಜಿನ್ ಮೇಲೆ ಕೈಯಿಡಬೇಕು. ದೊಡ್ಡದರ ಎಂಜಿನ್ ಬೆಚ್ಚಗಿತ್ತು. ನಾವು ಬರುವ ಮೊದಲೇ ಓಡಿಸಿ ಇಟ್ಟಿದ್ದರು. ಬಿಸಿಯಿದ್ದರೆ ಸುಲಭವಾಗಿ ಹತ್ತಿಕೊಳ್ಳುತ್ತದೆ, ರೋಗ ಕಾಣುವುದಿಲ್ಲ. ಇನ್ನೊಂದು ಬೆಳಗ್ಗೆ ಹೇಳದೆ ಕೇಳದೆ ಹೋಗಿ ತಣ್ಣಗಿದ್ದಾಗ ಚಾಲೂ ಮಾಡಿಸಿದೆವು. ಮೂರನೇ ಸಲಕ್ಕೆ ಹತ್ತಿಕೊಂಡಿತು. ಹತ್ತು ನಿಮಿಷವಾದರೂ ಬಿಳಿ ಹೊಗೆ ನಿಲ್ಲಲಿಲ್ಲ. ಹಿಂದೆ ನೀರಿನ ಮೇಲೆ ಡೀಸೆಲ್ಲಿನ ಬಣ್ಣಬಣ್ಣದ ಪೊರೆ. ಎಣ್ಣೆ ಪೂರ್ತಿ ಉರಿಯದೆ ಹೊರಗೆ ಬರುತ್ತಿದೆ ಅಂತ ಅರ್ಥ. ಎಣ್ಣೆ ಚಿಮ್ಮಿಸುವ ಇಂಜೆಕ್ಟರ್ ಸವೆದಿರಬಹುದು. ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿಯ ಒತ್ತಡ, ಬಿದ್ದಿದ್ದರೆ ಮಾತ್ರ ದೊಡ್ಡ ಖರ್ಚು.

ಚಿಕ್ಕದರಲ್ಲಿ ಮೂರು ಸಿಲಿಂಡರಿನ ಕಂಪ್ರೆಶನ್ ಅಳೆದೆವು. ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅನ್ನೋದು ಲೆಕ್ಕ. ಅಷ್ಟರೊಳಗೇ ಇತ್ತು. ಆದರೆ ಗೇರ್ ಆಯಿಲ್ ಇಳಿಸಿದರೆ ಹಾಲಿನ ಹಾಗೆ ಬೆಳ್ಳಗೆ ಬಂತು. ಪ್ರೊಪೆಲ್ಲರ್ ಶಾಫ್ಟಿನ ಸೀಲ್ ಸೋತು ನೀರು ಒಳಗೆ ಹೋಗಿದೆ. ಇದು ರೋಗವೇ, ಆದರೆ ಸಣ್ಣ ರೋಗ. ವೈರಿಂಗ್ ಬಗ್ಗೆ ಹೇಳದಿರೋದೇ ಒಳ್ಳೆಯದು. ತವರ ಲೇಪಿಸಿದ ತಂತಿ ಹಾಕಬೇಕಾದಲ್ಲಿ ಮನೆಯ ವೈರು ಹಾಕಿದ್ದರು. ಸಿಪ್ಪೆ ಸುಲಿದರೆ ಒಳಗೆ ತಾಮ್ರ ಕಪ್ಪಾಗಿ ಪುಡಿಪುಡಿ.

ನಾನು ಮೊದಲು ಗಮನಿಸದ ಒಂದು ಮಾತು. ಔಟ್‌ಬೋರ್ಡ್ ಕೈಕೊಟ್ಟರೆ ನಾಲ್ಕು ಬೋಲ್ಟ್ ಬಿಚ್ಚಿ, ಚೈನ್ ಪುಲ್ಲಿಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಬೇರೆಯದನ್ನು ಕೂರಿಸಬಹುದು. ಒಳಗೆ ಕೂತ ಡೀಸೆಲ್ ಎಂಜಿನ್ ಹೊರತೆಗೆಯಲು ಕ್ರೇನ್ ಬೇಕು. ಈ ಬೋಟಿನಲ್ಲಂತೂ ಡೆಕ್ಕನ್ನೇ ಕೊಯ್ಯಬೇಕಿತ್ತು.

ಎರಡನ್ನೂ ಓಡಿಸಿ ನೋಡಿದಾಗ ಸಮುದ್ರದಲ್ಲಿ ಮಾತ್ರ ದೊಡ್ಡದೇ ಗೆದ್ದಿತು. ಅದರ ತಳ V ಆಕಾರದಲ್ಲಿ ಚೂಪು, ಎರಡೂ ಬದಿ ಸುಮಾರು 20 ಡಿಗ್ರಿ ಓರೆ. ಅಲೆಯನ್ನು ಸೀಳಿಕೊಂಡು ಮೆತ್ತಗೆ ಹೋಗುತ್ತದೆ. ಚಿಕ್ಕದರ ತಳ ಚಪ್ಪಟೆ. ಅರ್ಧ ಮೀಟರ್ ಅಲೆಗೇ ದಬ್ ದಬ್ ಅಂತ ಬಡಿದು, ಮರುದಿನ ಚಪ್ಪಲಿ ಹಾಕಿಕೊಳ್ಳಲು ನನಗೆ ಬಗ್ಗೋಕೇ ಆಗಲಿಲ್ಲ. ಆದರೆ ನಿಲ್ಲಿಸಿ ಗಾಳ ಬಿಟ್ಟಾಗ ಕಥೆ ಉಲ್ಟಾ. ಚೂಪು ತಳದ್ದು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ, ಚಪ್ಪಟೆಯದು ಮಣೆ ಹಾಕಿದ ಹಾಗೆ ಕೂರುತ್ತದೆ. ದಿನದಲ್ಲಿ ಜಾಸ್ತಿ ಹೊತ್ತು ನಿಂತೇ ಇರುತ್ತೇವೆ, ಅಲ್ವಾ? ದೊಡ್ಡದರಲ್ಲಿ ಗೆಳೆಯ ಎರಡು ಸಲ ವಾಂತಿ ಮಾಡಿಕೊಂಡ. ಅದಕ್ಕೆ ಹೊಗೆಯೂ ಕಾರಣ ಇರಬಹುದು.

ಎಣ್ಣೆಯ ಲೆಕ್ಕಕ್ಕೆ ಹಳಬರ ನಿಯಮ ಒಂದಿದೆ. ಟ್ಯಾಂಕಿನ ಮೂರರಲ್ಲಿ ಒಂದು ಭಾಗ ಹೋಗೋಕೆ, ಒಂದು ಬರೋಕೆ, ಒಂದು ಮುಟ್ಟದೆ ಇಡೋಕೆ. ಚಿಕ್ಕದರ ಟ್ಯಾಂಕ್ 50 ಲೀಟರ್. ಸಾಧಾರಣ ವೇಗದಲ್ಲಿ ಗಂಟೆಗೆ ಸುಮಾರು 15 ಲೀಟರ್ ಕುಡಿಯಿತು. ಅಂದರೆ ಒಂದು ಗಂಟೆ ಹೋಗಬಹುದು, ಅಷ್ಟೇ. ಸಮುದ್ರ ಶಾಂತವಾಗಿದ್ದರೆ ಅದು 15 ನಾಟಿಕಲ್ ಮೈಲಿ, ಸುಮಾರು 28 ಕಿಲೋಮೀಟರ್. ಅಲೆ ಇದ್ದರೆ ಅದರ ಅರ್ಧ. ದೊಡ್ಡದರ ಟ್ಯಾಂಕ್ 200 ಲೀಟರ್, ಖರ್ಚು ಗಂಟೆಗೆ 20ರ ಆಸುಪಾಸು. ಮೂರು ಗಂಟೆ ದೂರದವರೆಗೂ ಹೋಗುವ ತಾಕತ್ತು ಅದಕ್ಕಿತ್ತು. ಅಷ್ಟು ದೂರ ಅದನ್ನು ನಂಬಿ ಹೋಗುವ ತಾಕತ್ತು ನನಗಿರಲಿಲ್ಲ.

ಚಿಕ್ಕದರ ದಿನವೂ ಸುಸೂತ್ರವಾಗಿ ಮುಗಿಯಲಿಲ್ಲ. ಆರು ನಾಟಿಕಲ್ ಮೈಲಿ ಆಚೆ ಎಂಜಿನ್ ಗೊರಗೊರ ಅಂದು ನಿಂತಿತು. ಅದು ನಿಂತ ಮೇಲೆ ನೀರು ಬೋಟಿನ ಹೊಟ್ಟೆಗೆ ಬಡಿಯುವ ಚಿಕ್ಕ ಸದ್ದು ಎಷ್ಟು ಜೋರಾಗಿ ಕೇಳುತ್ತದೆ ಅಂತ ಅವತ್ತು ಗೊತ್ತಾಯಿತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ಮಧ್ಯೆ ಮೊಟ್ಟೆಯಾಕಾರದ ಒಂದು ರಬ್ಬರ್ ಬಲ್ಬ್ ಇರುತ್ತದೆ. ಹಿಸುಕಿದರೆ ಪೆಟ್ರೋಲ್ ಮುಂದೆ ಹೋಗಿ ಬಲ್ಬು ಗಟ್ಟಿಯಾಗಬೇಕು. ನಮ್ಮದು ಎಷ್ಟು ಹಿಸುಕಿದರೂ ಗಾಳಿ ಬಿಟ್ಟ ಚೆಂಡಿನ ಹಾಗೆ ಮೆತ್ತಗೇ. ಪೈಪಿನ ಜೋಡಣೆಯಲ್ಲಿ ರಬ್ಬರ್ ಬಿರಿದು ಗಾಳಿ ಎಳೆಯುತ್ತಿತ್ತು. ಗೆಳೆಯ ಅಲ್ಲಿಗೆ ಟೇಪ್ ಸುತ್ತಿ ಚುಕ್ಕಾಣಿ ಹಿಡಿದ. ನಾನು ತಳದಲ್ಲಿ ಕುಕ್ಕರಗಾಲಲ್ಲಿ ಕೂತು ಬಲ್ಬು ಹಿಸುಕುತ್ತಾ ಬಂದೆ. ಒಂದು ಗಂಟೆಯ ಮೇಲೆ. ಕೈ ನಿಲ್ಲಿಸಿದರೆ ಎಂಜಿನ್ನೂ ನಿಲ್ಲುತ್ತಿತ್ತು. ದಡಕ್ಕೆ ಬಂದಾಗ ಬೆರಳು ಬಿಡಿಸಲು ಬರುತ್ತಿರಲಿಲ್ಲ.

ಕೈಯಲ್ಲಿದ್ದದ್ದು ಎರಡು ಫೋನು, ಎರಡೂ ಸಿಗ್ನಲ್ ಇಲ್ಲದ ಜಾಗದಲ್ಲಿ. ಬೇರೆ ಬೋಟಿಗೆ, ದಡಕ್ಕೆ ಮಾತಾಡುವ ವಿಎಚ್‌ಎಫ್ ರೇಡಿಯೋ ಇರಲಿಲ್ಲ. ಇದ್ದಿದ್ದರೆ ಅಪಾಯದಲ್ಲಿ ಕರೆಯುವ 16ನೇ ಚಾನೆಲ್ಲಿನಲ್ಲಿ ಕೂಗಬಹುದಿತ್ತು. ಹಾಗೆ ಹೊರಟದ್ದು ನಮ್ಮ ಮೂರ್ಖತನ. ಬೋಟನ್ನು ಬೈದು ಪ್ರಯೋಜನವಿಲ್ಲ.

ಅದೇ ಹಂಗಾಮಿನಲ್ಲಿ ಮೂರು ಸಲ ಬಾಡಿಗೆ ಬೋಟಿನಲ್ಲಿ ಸೀಟು ಹಿಡಿದು ಆಳಸಮುದ್ರಕ್ಕೆ ಹೋದೆ. ಎರಡು ಎಂಜಿನ್, ರೇಡಿಯೋ, ಅಪಾಯವಾದರೆ ಉಪಗ್ರಹಕ್ಕೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಪೆಟ್ಟಿಗೆ, ಎಲ್ಲ ಇತ್ತು. ತಳದ ಕಲ್ಲು ಎಲ್ಲಿದೆ, ಯಾವ ಹೊತ್ತಿಗೆ ಎಲ್ಲಿ ಕಚ್ಚುತ್ತದೆ ಅನ್ನುವುದು ಅದರ ಚಾಲಕನಿಗೆ ಬಾಯಿಪಾಠ. ಮೀನು ಜಾಸ್ತಿ ಸಿಕ್ಕಿದ್ದು ಇಲ್ಲೇ. ಖುಷಿ ಕಮ್ಮಿ ಸಿಕ್ಕಿದ್ದೂ ಇಲ್ಲೇ. ಎಂಟು ಜನರ ದಾರ ಒಂದಕ್ಕೊಂದು ಸುತ್ತಿಕೊಂಡು, ಅರ್ಧ ದಿನ ಗಂಟು ಬಿಡಿಸುವುದರಲ್ಲೇ ಕಳೆಯಿತು.

ಆಮೇಲೆ ಡೈರಿ ತೆಗೆದು ಎಣಿಸಿದೆ. ಹಿಂದಿನ ವರ್ಷದ 52 ವಾರಗಳಲ್ಲಿ ನಾನು ಮೀನಿಗೆ ಹೋದದ್ದು 14 ದಿನ. ಅದರಲ್ಲಿ ನಿಜವಾಗಿ ದೂರ ಹೋದದ್ದು ನಾಲ್ಕೇ. ಉಳಿದದ್ದೆಲ್ಲ ದಡ ಕಾಣುವಷ್ಟರಲ್ಲೇ. ಆ ನಾಲ್ಕು ದಿನಕ್ಕಾಗಿ ನಾನು ಕೊಳೆತ ಡೆಕ್ಕಿನ ಕ್ಯಾಬಿನ್ ಬೋಟು ಸಾಕಲು ಹೊರಟಿದ್ದೆ. ಲಂಗರು ಹಾಕುವ ಜಾಗಕ್ಕೆ ಬಾಡಿಗೆ ಬೇರೆ.

ದೊಡ್ಡದನ್ನು ಬಿಟ್ಟೆ. ನಿಮಗೆ ಡೆಕ್ಕು ಕೊಯ್ದು ಹೊಸ ಮರ ಕೂರಿಸುವ ಕೆಲಸ ಬರುತ್ತದೆ, ನೆರಳಿರುವ ಜಾಗ ಇದೆ, ಒಂದು ವರ್ಷ ಮೀನು ಹಿಡಿಯದಿದ್ದರೂ ನಡೆಯುತ್ತದೆ ಅಂದರೆ ಅಂಥದ್ದನ್ನು ನೋಡಬಹುದು. ಆಗಲೂ ಬರೀ ಮೈಗೆ ಬೆಲೆ ಕಟ್ಟಿ. ಎಂಜಿನ್ ಇಲ್ಲವೇ ಇಲ್ಲ ಅಂದುಕೊಳ್ಳಿ.

ಚಿಕ್ಕದನ್ನು ತೆಗೆದುಕೊಂಡೆ. ಸೀಲ್, ವೈರಿಂಗ್, ಪೈಪು, ಟ್ಯಾಂಕ್, ನೀರು ತಳ್ಳುವ ಇಂಪೆಲ್ಲರ್, ಎಲ್ಲದರ ಖರ್ಚನ್ನೂ ಒಂದು ಚೀಟಿಯಲ್ಲಿ ಬರೆದು ಮಾಲೀಕರ ಮುಂದಿಟ್ಟೆ. ಅವರು ಅರ್ಧ ಒಪ್ಪಿದರು. ರೇಡಿಯೋ, ಲೈಫ್ ಜಾಕೆಟ್ ನನ್ನ ಲೆಕ್ಕ. ಒಟ್ಟು ಕೂಡಿಸಿದಾಗ ರಿಪೇರಿಯೇ ಬೋಟಿನ ಬೆಲೆಯ ಮುಕ್ಕಾಲು ಪಾಲಾಯಿತು. ಅದನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಐದು ನಾಟಿಕಲ್ ಮೈಲಿ ದಾಟುವುದಿಲ್ಲ ಅಂತ ನನಗೆ ನಾನೇ ಗೆರೆ ಹಾಕಿಕೊಂಡಿದ್ದೇನೆ. ಆಚೆಗೆ ಹೋಗುವ ದಿನ ಬಾಡಿಗೆ ಬೋಟಿನಲ್ಲಿ ಸೀಟು, ದಾರ ಗಂಟಾದರೂ ಸರಿ.

ಈಗ, ಇರುವ ಎಂಜಿನ್ ಕೈಕೊಟ್ಟರೆ ಇರಲಿ ಅಂತ, ಪಕ್ಕದಲ್ಲಿ ಕಟ್ಟಿಕೊಳ್ಳಲು 6 ಎಚ್‌ಪಿಯ ಒಂದು ಸಣ್ಣ ಹಳೇ ಎಂಜಿನ್ ಹುಡುಕುತ್ತಿದ್ದೇನೆ. ನಾಳೆ ಬೆಳಗ್ಗೆ ಒಬ್ಬರು ಎಂಟು ಗಂಟೆಗೆ ಬರಲು ಹೇಳಿದ್ದಾರೆ. ಆರೂವರೆಗೇ ಹೋಗುವವನಿದ್ದೇನೆ.